ಹಳೆಯ ಪೆಟ್ರೋಲ್ ಕಾರಿನ ನಾಡಿಪರೀಕ್ಷೆ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳನ್ನು ಹಾದು ಊಟಿಗೆ ಏರುವ ರಸ್ತೆಯು ಒಂದು ಕಾಲಕ್ಕೆ ಪೆಟ್ರೋಲ್ ಕಾರುಗಳಿಗೆ ಕಠಿಣ ಪರೀಕ್ಷೆಯಾಗಿತ್ತು. ನಂಜನಗೂಡು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದ್ದರೆ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಕೆಳಗೆ ಹದವಾಗಿ ಗುನುಗುತ್ತಿದ್ದ ಇಂಜಿನ್, ಮೇಲೆ ತಲುಪುವಷ್ಟರಲ್ಲಿ ಕುಂಟತೊಡಗುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನಿಂತೇ ಹೋಗುತ್ತಿತ್ತು. ಗಾಡಿ ಕೆಟ್ಟಿತೆಂದು ಗಾಬರಿಪಡುವವರೇ ಹೆಚ್ಚು. ವಾಸ್ತವದಲ್ಲಿ ಬದಲಾದದ್ದು ಗಾಳಿ. ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎತ್ತರದಲ್ಲಿ ಗಾಳಿ ವಿರಳ. ಕಾರ್ಬೊರೇಟರು ಅದನ್ನರಿಯದೆ ಬಯಲಿನ ಲೆಕ್ಕದಲ್ಲೇ ಪೆಟ್ರೋಲ್ ಬಡಿಸುತ್ತಿತ್ತು. ಸ್ಕ್ರೂ ತಿರುಗಿಸಿ ಮಿಶ್ರಣವನ್ನು ತುಸು ತೆಳುವಾಗಿಸಿದರೆ ಇಂಜಿನ್ ಮತ್ತೆ ಹದಕ್ಕೆ ಬರುತ್ತಿತ್ತು.

ಆ ಕಾಲದಲ್ಲಿ ನಮ್ಮ ರಸ್ತೆಗಳ ಮೇಲಿದ್ದ ಕಾರುಗಳ ಜಾತಿ ಬಹಳ ಕಡಿಮೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೊಂದು ಮೋಟಾರು ಕಾರ್ಖಾನೆ ತೆರೆಯಬೇಕೆಂದು ಬಹಳ ಶ್ರಮಿಸಿದರು. ಅದು ಮೈಸೂರು ಸಂಸ್ಥಾನಕ್ಕೆ ದಕ್ಕಲಿಲ್ಲ. 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಿಂದ ಅಂಬಾಸಿಡರ್ ಬಂತು. ಮುಂಬಯಿಯ ಕುರ್ಲಾದಿಂದ ಫಿಯೆಟ್ ಬರುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಆದರೆ ಕಿಡಿ ಮಾತ್ರ ನಮ್ಮದು: 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ದೇಶದ ಮೂಲೆಮೂಲೆಯ ಗ್ಯಾರೇಜುಗಳಲ್ಲಿ ಮನೆಮಾತಾಗಿತ್ತು.

ಆ ಪ್ಲಗ್ಗೇ ಮೆಕ್ಯಾನಿಕನ ಮೊದಲ ಸಾಕ್ಷಿ. ಬಿಚ್ಚಿ ನೋಡಿದಾಗ ಅದರ ತುದಿ ತಿಳಿಕಂದು ಬಣ್ಣಕ್ಕಿದ್ದರೆ ಉರಿಯುವಿಕೆ ಸರಿಯಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಬಹುಮಟ್ಟಿಗೆ ಕಿಡಿಯೇ ಇಲ್ಲ. ಅನಂತರ ಓಡುತ್ತಿರುವ ಇಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆಯುವುದು. ತೆಗೆದೊಡನೆ ಇಂಜಿನ್ ನಡುಗಿದರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಸದ್ದಿನಲ್ಲಿ ವ್ಯತ್ಯಾಸವೇ ಆಗದಿದ್ದರೆ ಸೋಮಾರಿ ಅದೇ. ವಿದ್ಯಾರ್ಥಿಗಳಿಗೆ ನಾವು ಹೇಳಿಕೊಡುವ ವೈಜ್ಞಾನಿಕ ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾರು ವೇಗವಾಗಿ ಚೆನ್ನಾಗಿ ಓಡುತ್ತದೆ, ಆದರೆ ಗೇಟಿನ ಮುಂದೆ ನಿಧಾನಿಸಿದರೆ ನಿಲ್ಲುತ್ತದೆ. ಇದು ಅತ್ಯಂತ ಸಾಮಾನ್ಯವಾದ ದೂರು. ಫಿಯೆಟ್ಟಿನ ಸೋಲೆಕ್ಸ್ ಕಾರ್ಬೊರೇಟರಿನಲ್ಲಿ ಐಡ್ಲಿಂಗಿಗೆಂದೇ ಪ್ರತ್ಯೇಕವಾದ ಸೂಕ್ಷ್ಮ ಜೆಟ್ ಇರುತ್ತದೆ. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಸಾಕು, ನಿಧಾನಗತಿಯಲ್ಲಿ ಇಂಜಿನ್ನಿಗೆ ಆಹಾರವಿಲ್ಲ. ವೇಗ ಹೆಚ್ಚಿದಾಗ ದೊಡ್ಡ ಜೆಟ್ ತೆರೆದುಕೊಳ್ಳುವುದರಿಂದ ದೋಷ ಮರೆಯಾಗುತ್ತದೆ. ಅಂಬಾಸಿಡರಿನ ಎಸ್‌ಯು ಕಾರ್ಬೊರೇಟರಿನಲ್ಲಿ ಹೀಗಲ್ಲ. ಅಲ್ಲಿ ಇರುವುದು ಒಂದೇ ಜೆಟ್; ಪಿಸ್ಟನ್ನಿನೊಡನೆ ಏರಿಳಿಯುವ ಮೊನಚಾದ ಸೂಜಿಯೊಂದು ಅದನ್ನು ತೆರೆದು ಮುಚ್ಚುತ್ತದೆ. ಇದನ್ನು ಕಂಡುಹಿಡಿದ ಸ್ಕಿನ್ನರ್ ಸಹೋದರರದು ಇಂಗ್ಲೆಂಡಿನ ಪಾದರಕ್ಷೆ ವ್ಯಾಪಾರದ ಮನೆತನ. ಮೊದಮೊದಲ ಕಾರ್ಬೊರೇಟರುಗಳಲ್ಲಿ ಅವರು ಚರ್ಮದ ತಿದಿಯನ್ನೇ ಬಳಸಿದ್ದರು! ಆದುದರಿಂದ ಅಂಬಾಸಿಡರು ನಿಂತರೆ ಜೆಟ್ ಊದುವ ಮೊದಲು ಪಿಸ್ಟನ್ ಅಂಟಿಕೊಂಡಿದೆಯೇ ಎಂದು ಬೆರಳಿನಿಂದ ಎತ್ತಿ ಬಿಟ್ಟು ನೋಡಬೇಕು.

ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿದು ತೂಗಾಡುತ್ತಿದ್ದರೆ ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ಟಿನಲ್ಲಿ ಕಳ್ಳಗಾಳಿ ನುಗ್ಗುತ್ತಿರಬಹುದು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಜೋಡಣೆಗಳ ಸುತ್ತ ಆಡಿಸಿದರೆ ಬುಸ್ಸೆನ್ನುವ ಸದ್ದು ಜಾಗವನ್ನು ತೋರಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಕಾದ ಇಂಜಿನ್ ನಿಂತು, ಅರ್ಧ ಗಂಟೆ ಬಿಟ್ಟರೆ ತಾನಾಗಿ ಚಾಲೂ ಆಗುವುದು ಮತ್ತೊಂದು ಬಗೆ. ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಹರಿವು ಕಡಿದಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸರಿಹೋಗುತ್ತಿತ್ತು. ಬಟ್ಟೆಗೂ ಜಗ್ಗದಿದ್ದರೆ ಕಾಯಿಲ್ ಅಥವಾ ಕಂಡೆನ್ಸರನ್ನು ಶಂಕಿಸಬೇಕು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಅದರಲ್ಲಿದ್ದುದು ಕಾರ್ಬೊರೇಟರೇ. ವಿದ್ಯೆಯನ್ನು ಬದಲಿಸಿದ್ದು ಹೊಗೆಯ ಕಾನೂನು. ಸೀಸವಿರುವ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ನಿಂತಿತು. ಅದೇ ಸುಮಾರಿಗೆ ಹೊಸ ಕಾರುಗಳಿಗೆ ಇಂಧನವನ್ನು ಗಣಕದ ಅಪ್ಪಣೆಯಂತೆ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂತು. ಎತ್ತರವನ್ನೂ ತಾಪವನ್ನೂ ಅದು ತಾನೇ ಅಳೆದುಕೊಳ್ಳುತ್ತದೆ. ದೋಷವನ್ನು ಸ್ಕ್ಯಾನರ್ ಓದಿ ಹೇಳುತ್ತದೆ. 2014ರಲ್ಲಿ ಮಾರುತಿ 800, ಅಂಬಾಸಿಡರ್ ಎರಡರ ತಯಾರಿಕೆಯೂ ಮುಗಿಯಿತು.

ಹಳೆಯ ಕಾರುಗಳ ಐಡ್ಲಿಂಗ್ ಕಾಯಿಲೆ ಈಗ ಬೇರೊಂದು ದಾರಿಯಿಂದ ಮರಳಿದೆ. ಪೆಟ್ರೋಲಿಗೆ ಶೇಕಡ 5ರಷ್ಟು ಎಥನಾಲ್ ಬೆರೆಸುವುದು 2003ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಆರಂಭವಾಯಿತು. 2025ರಲ್ಲಿ ಅದು ಶೇಕಡ 20ನ್ನು ಮುಟ್ಟಿತು. ನಮ್ಮ ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿಯೇ ಸಕ್ಕರೆ ಕಾರ್ಖಾನೆಯೊಡನೆ ಡಿಸ್ಟಿಲರಿಯೂ ಇದೆ. ಕಬ್ಬಿನ ರೈತನಿಗೆ ಇದರಿಂದ ಅನುಕೂಲವಾಗುವುದಾದರೆ ಬೇಡವೆನ್ನಲು ನನಗೆ ಬಾಯಿ ಬಾರದು. ಆದರೆ ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಕಾರ್ಬೊರೇಟರಿನ ಹಳೆಯ ಲೆಕ್ಕ ತಪ್ಪಿ ಮಿಶ್ರಣ ತೆಳುವಾಗುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ, ಟ್ಯಾಂಕಿನ ತಳದ ಜಿಡ್ಡನ್ನು ಎಬ್ಬಿಸಿ ಜೆಟ್ಟಿಗೆ ತಂದು ತುಂಬುತ್ತದೆ.

ಇಂತಹ ಕಾರು ಇಟ್ಟುಕೊಂಡವರು ಮೊದಲು ಪೆಟ್ರೋಲಿನ ರಬ್ಬರ್ ಪೈಪು, ಪಂಪಿನ ಡಯಾಫ್ರಂಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಿಸಿ, ಫಿಲ್ಟರನ್ನು ಆಗಾಗ ನೋಡಿ, ಐಡ್ಲಿಂಗ್ ಮಿಶ್ರಣವನ್ನು ತುಸು ಗಟ್ಟಿ ಮಾಡಿಸುವುದು ಒಳ್ಳೆಯದು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರಿನ ಪೆಟ್ರೋಲನ್ನು ಖಾಲಿ ಮಾಡಿಸಬೇಕು. ಇಷ್ಟನ್ನು ಮಾಡಬಲ್ಲ ಕೈಗಳಿಗೆ ಈಗ ವಯಸ್ಸಾಗಿದೆ. ಗ್ಯಾರೇಜಿನ ಹೊಸ ಹುಡುಗರು ಜಾಣರೇ, ಆದರೆ ಪದ್ಮಿನಿಯಲ್ಲಿ ಅವರ ಸ್ಕ್ಯಾನರಿನ ತಂತಿ ಸಿಕ್ಕಿಸಲು ಜಾಗವೇ ಇಲ್ಲ.