ಬೆಳ್ಳಿ ಬೆಟ್ಟದ ಕಿರುಹಳಿಗಳು

ರೈಲು ದಾರಿಗಳ ಹಳೆಯ ನಕಾಶೆ ಬಿಡಿಸಿದಾಗಲೆಲ್ಲ ನನ್ನ ಬೆರಳು ಅಮೆರಿಕದ ಕೊಲರಾಡೊ ಸಂಸ್ಥಾನದ ಸಿಲ್ವರ್ಟನ್ ಮೇಲೆ ನಿಲ್ಲುತ್ತದೆ. ಸುಮಾರು 9,300 ಅಡಿ ಎತ್ತರದ ಬೆಳ್ಳಿಗಣಿಯ ಊರು ಅದು. 1882ರ ಜುಲೈಯಲ್ಲಿ ಡುರಾಂಗೊದಿಂದ 45 ಮೈಲಿ ಸಾಗಿ ರೈಲು ಅಲ್ಲಿಗೆ ಮುಟ್ಟಿತು. ಹಳಿಗಳ ಅಂತರ ಬರಿಯ 3 ಅಡಿ. ನಮ್ಮ ಬ್ರಾಡ್‌ಗೇಜಿನದು ಐದೂವರೆ. ಹಳಿ ಕಿರಿದಾದರೆ ದಾರಿಯನ್ನು ಬಿಗಿಯಾಗಿ ತಿರುಗಿಸಬಹುದು, ಬಂಡೆ ಕಡಿಯುವ ಖರ್ಚೂ ಕಡಮೆ.

ಆದರೆ ನನ್ನನ್ನು ಕಾಡುವುದು ಆ ಊರಿನಿಂದ ಇನ್ನೂ ಮೇಲಕ್ಕೆ ಹತ್ತಿದ ಮೂರು ಕವಲುಗಳು. ಅವುಗಳಲ್ಲಿ ಎರಡನ್ನು ಹಾಕಿಸಿದವನು ರಷ್ಯದಲ್ಲಿ ಹುಟ್ಟಿದ ಆಟೊ ಮಿಯರ್ಸ್. ಬೆಳ್ಳಿಯ ಮೇಲೆ ಅವನಿಗಿದ್ದ ನಂಬಿಕೆ ಎಷ್ಟೆಂದರೆ, ಗಣ್ಯರಿಗೆ ಕೊಡುವ ರೈಲು ಪಾಸುಗಳನ್ನೂ ಬೆಳ್ಳಿಯಲ್ಲೇ ಮಾಡಿಸಿದ್ದ! 1893ರಲ್ಲಿ ಸರಕಾರ ಬೆಳ್ಳಿ ಕೊಳ್ಳುವ ಕಾನೂನನ್ನು ರದ್ದು ಮಾಡಿತು. ಬೆಲೆ ಕುಸಿಯಿತು, ಗಣಿಗಳು ಮುಚ್ಚಿದವು. ಆಮೇಲೆ ಚಿನ್ನ ಮೊದಲಾದ ಲೋಹಗಳು ಕವಲುಗಳನ್ನು ಕೆಲಕಾಲ ಬದುಕಿಸಿದವು. ಅದಿರು ಬಿಟ್ಟರೆ ಅವಕ್ಕೆ ಹೊರಲು ಬೇರೇನಿತ್ತು? ಒಂದೊಂದಾಗಿ ನಿಂತವು. ಯುದ್ಧಕಾಲದ 1942ರಲ್ಲಿ ಕೊನೆಯದರ ಹಳಿಯನ್ನೂ ಕಿತ್ತರು.

ಡುರಾಂಗೊದ ದಾರಿ ಮಾತ್ರ ಉಳಿಯಿತು. ಅದಿರು ತರಲು ಹಾಕಿದ ಹಳಿಯ ಮೇಲೆ ಇಂದು ಬೆಟ್ಟ ನೋಡುವವರು ಪಯಣಿಸುತ್ತಾರೆ. ಮೇಲಿನ ಕವಲುಗಳನ್ನು ಕಾಯಲು ಅಂಥ ಪ್ರಯಾಣಿಕರೂ ಸಮಯಕ್ಕೆ ಬರಲಿಲ್ಲ. ಆನಿಮಸ್ ಫೋರ್ಕ್ಸ್ ಕಡೆಗೆ ಹತ್ತುವ ಮೋಟಾರು ದಾರಿ ಅಲ್ಲಲ್ಲಿ ಆ ಹಳೆಯ ಹಳಿಯ ಜಾಡಿನಲ್ಲೇ ಸಾಗುತ್ತದೆ. ಅದರ ತುದಿಯಲ್ಲಿರುವುದು ಜನವಿಲ್ಲದ ಊರು.