ಕುದುರೆಗೆ ಒಗ್ಗುವ ನೆಲ

ಪುಣೆಯ ನಮ್ಮ ಸಾಹಿತ್ಯ ಕೂಟದ ಹಿರಿಯ ಸದಸ್ಯರೊಬ್ಬರು ಇನ್ನೆರಡು ವರ್ಷಗಳಲ್ಲಿ ನಿವೃತ್ತರಾಗಲಿದ್ದಾರೆ. ಕುಣಿಗಲ್ ಸೀಮೆಯಲ್ಲಿ ಹುಟ್ಟಿ, ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ಮೂವತ್ತು ವರ್ಷಗಳಿಂದ ಈ ಊರಿನಲ್ಲಿ ನೆಲೆಸಿದವರು. ಕಳೆದ ತಿಂಗಳ ಸಭೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ಅವರು ತಮ್ಮ ಬಯಕೆಯನ್ನು ಹೊರಗೆಡಹಿದರು. ಇಲ್ಲಿಯ ಫ್ಲ್ಯಾಟನ್ನು ಮಾರಿ ಮೂರು ನಾಲ್ಕು ಎಕರೆ ಜಮೀನು ಕೊಂಡು, ನಾಲ್ಕಾರು ಕುದುರೆಗಳನ್ನು ಸಾಕಿ, ಸುತ್ತಲಿನ ಮಕ್ಕಳಿಗೆ ಸವಾರಿ ಕಲಿಸುತ್ತ ಉಳಿದ ದಿನಗಳನ್ನು ಕಳೆಯಬೇಕೆಂಬುದೇ ಆ ಬಯಕೆ. ಎಲ್ಲಿ ಕೊಳ್ಳಬೇಕೆಂಬುದು ಮಾತ್ರ ತೀರ್ಮಾನವಾಗಿಲ್ಲ. ಪುಣೆಯ ಪೂರ್ವಕ್ಕೆ ಶಿರೂರು, ದೌಂಡ್ ಕಡೆಯೇ, ಇಲ್ಲವೆ ಹುಟ್ಟಿದೂರಿನ ಆಸುಪಾಸೇ? ಅವರ ಶ್ರೀಮತಿಯವರು ಪಕ್ಕದಲ್ಲೇ ಇದ್ದರು. "ಕುದುರೆಗೆ ಜಾಗ ಹುಡುಕ್ತಾ ಇದ್ದಾರೆ. ನನಗೆ ಎಲ್ಲಿ ಅನ್ನೋದು ಇನ್ನೂ ಅವರ ತಲೆಗೆ ಬಂದಿಲ್ಲ" ಎಂದರು. ಎಲ್ಲರೂ ನಕ್ಕೆವು. ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕುದುರೆಗೆ ನೆಲ ಹುಡುಕುವ ಕೆಲಸವನ್ನು ದಖನ್ನಿನ ಅರಸರು ಏಳೆಂಟು ಶತಮಾನ ಮಾಡಿದ್ದಾರೆ, ಬಹುಪಾಲು ಸೋತಿದ್ದಾರೆ. ಅವರ ಸೋಲು ಗೆಲುವುಗಳಿಂದ ನಮ್ಮ ಮಿತ್ರರಿಗೆ ಸಲಹೆ ದೊರೆಯಬಹುದೇ ಎಂದು ನೋಡುವುದು ಈ ಬರಹದ ಉದ್ದೇಶ.

ಕುದುರೆಯ ವಿದ್ಯೆಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವು ವಾಜಿವಾಹ್ಯಾಲಿ ವಿನೋದವನ್ನು, ಅಂದರೆ ಅಶ್ವಕ್ರೀಡೆಯನ್ನು, ಅರಸನ ವಿನೋದಗಳಲ್ಲಿ ಒಂದಾಗಿ ಎಣಿಸುತ್ತದೆ. ಕನ್ನಡದಲ್ಲಿಯೇ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಕುರಿತು ಗ್ರಂಥ ಬರೆದಿದ್ದಾನೆ. ವಿದ್ಯೆ ಇದ್ದೂ ಒಳ್ಳೆಯ ಕುದುರೆ ಮಾತ್ರ ಕಡಲಿನಾಚೆಯಿಂದಲೇ ಬರಬೇಕಾಗಿತ್ತು.

13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಕರಾವಳಿಗೆ ಬಂದ ಮಾರ್ಕೊ ಪೋಲೊ, ತಮಿಳು ಸೀಮೆಯ ಅರಸನು ವರ್ಷಕ್ಕೆ 2,000ಕ್ಕೂ ಮಿಕ್ಕಿ ಕುದುರೆಗಳನ್ನು ಕೊಳ್ಳುತ್ತಾನೆಂದೂ ವರ್ಷದ ಕೊನೆಗೆ ನೂರು ಕೂಡ ಬದುಕುಳಿಯುವುದಿಲ್ಲವೆಂದೂ ಬರೆದಿದ್ದಾನೆ. ಅವನು ಕೊಡುವ ಕಾರಣ ಗಮನಾರ್ಹ. ಕುದುರೆಯನ್ನು ನೋಡಿಕೊಳ್ಳಬಲ್ಲ ವೈದ್ಯರು, ಲಾಳ ಹೊಡೆಯುವವರು ಅಲ್ಲಿ ಇರಲಿಲ್ಲ. ಅಂಥವರು ಅಲ್ಲಿಗೆ ಹೋಗದಂತೆ ಕುದುರೆ ಮಾರುವ ವರ್ತಕರೇ ತಡೆಯುತ್ತಿದ್ದರಂತೆ. ಸತ್ತಷ್ಟೂ ವ್ಯಾಪಾರ! ಪ್ರವಾಸಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ನೆಲ ನೋಡುವ ಮುನ್ನ ಜನ ನೋಡಬೇಕೆಂಬ ಪಾಠ ಅದರಲ್ಲಿದೆ.

ವಿಜಯನಗರದ ಕಥೆ ಇನ್ನೂ ದೊಡ್ಡದು. ಪೋರ್ಚುಗೀಸ್ ವರ್ತಕ ನ್ಯೂನಿಜನ ಪ್ರಕಾರ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಹೊರ್ಮುಜಿನವೂ ನಾಡಕುದುರೆಗಳೂ ಆ ಲೆಕ್ಕದಲ್ಲಿ ಸೇರಿದ್ದವು. ಸಾಳುವ ನರಸಿಂಹನ ಬಗೆಗೆ ಅವನು ಹೇಳುವ ಸಂಗತಿಯಂತೂ ಮರೆಯಲಾಗದು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಅರಸನು ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಇದು ಮೂರ್ಖತನವಲ್ಲ, ವರ್ತಕನ ನಷ್ಟಭಯವನ್ನು ಬೊಕ್ಕಸವೇ ಹೊತ್ತುಕೊಂಡು, ಹಡಗುಗಳು ಬರುತ್ತಲೇ ಇರುವಂತೆ ನೋಡಿಕೊಂಡ ರಾಜನೀತಿ. ಭಟ್ಕಳ, ಹೊನ್ನಾವರಗಳ ಬಂದರುಗಳು ಈ ವ್ಯಾಪಾರದಿಂದ ಬೆಳೆದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಳ್ಳಲು ಹವಣಿಸಿದ್ದರ ಹಿಂದಿನ ಲೆಕ್ಕವೂ ಇದೇ. ಲಾಯ ತುಂಬಿದ್ದರೂ ಅದರ ಬೀಗದ ಕೈ ಪರರ ಬಂದರಿನಲ್ಲಿತ್ತು.

ಹಾಗಾದರೆ ದಖನ್ನಿನಲ್ಲಿ ಕುದುರೆ ಹುಟ್ಟಿ ಬೆಳೆಯಲೇ ಇಲ್ಲವೇ? ಬೆಳೆಯಿತು, ಮತ್ತು ಅದು ಬೆಳೆದ ನೆಲ ನಾವಿರುವ ಊರಿಗೆ ಬಹಳ ಹತ್ತಿರದಲ್ಲಿದೆ. ಪುಣೆಯ ಪಶ್ಚಿಮಕ್ಕಿರುವ ಲೋಣಾವಳದ ಘಟ್ಟದಲ್ಲಿ ಮಳೆ ಧಾರಾಕಾರ. ಅಲ್ಲಿಂದ 150 ಕಿಲೋಮೀಟರಿನೊಳಗೆ ಪೂರ್ವಕ್ಕೆ ಬಂದರೆ ದೌಂಡ್, ಬಾರಾಮತಿಗಳ ಒಣ ಬಯಲು. ಮಳೆನೆರಳಿನ ಈ ಸೀಮೆಯಲ್ಲಿ ಕೆಸರು ಕಡಿಮೆ, ನೆಲ ಗಟ್ಟಿ, ಹುಲ್ಲು ಗಿಡ್ಡವಾದರೂ ಸತ್ವವುಳ್ಳದ್ದು. ಭೀಮಾ, ನೀರಾ ನದಿಗಳ ದಡದ ಈ ಪ್ರದೇಶಕ್ಕೆ ಭೀಮಥಡಿ ಎಂದು ಹೆಸರು; ಇಲ್ಲಿಯ ಗಿಡ್ಡ, ಗಟ್ಟಿಮುಟ್ಟು ಕುದುರೆಯೇ ಭೀಮಥಡಿ ತಟ್ಟು. ಇದೇ ಭೀಮೆ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆಯೆಂಬುದನ್ನು ಕನ್ನಡ ಓದುಗರಿಗೆ ನೆನಪಿಸಬೇಕಾಗಿಲ್ಲ.

ಮರಾಠರ ದಂಡಿನ ವೇಗಕ್ಕೆ ಈ ತಟ್ಟುವೇ ಆಧಾರ. ಆ ದಂಡಿನಲ್ಲಿ ಎರಡು ಬಗೆಯ ರಾವುತರಿದ್ದರು. ಸರ್ಕಾರದ ಕುದುರೆಯೇರಿದವನು ಬಾರಗೀರ. ಸ್ವಂತ ಕುದುರೆ, ಸ್ವಂತ ಆಯುಧ ತಂದವನು ಶಿಲೇದಾರ. ಶಿಲೇದಾರನ ಕುದುರೆ ಬೆಳೆದದ್ದು ಅವನ ಹಳ್ಳಿಯ ಮನೆಯ ಹಿತ್ತಿಲಲ್ಲಿ, ಅವನ ಹೊಲದ ಹುಲ್ಲು ಮೇಯ್ದು. ಹೊರ್ಮುಜಿನ ಹಡಗು ತಡವಾದರೂ ಅವನ ಲಾಯ ಬರಿದಾಗುತ್ತಿರಲಿಲ್ಲ. ಜೇಜುರಿಯ ಖಂಡೋಬಾ ಕುದುರೆಯೇರಿ ಕುಳಿತಿರುವುದು ಈ ಸೀಮೆಗೆ ಸಹಜವೆನಿಸುತ್ತದೆ. ಅವನೇ ನಮ್ಮ ಮೈಲಾರಲಿಂಗ. ಹೂವಿನಹಡಗಲಿಯ ಮೈಲಾರದಲ್ಲಿ ಕಾರಣಿಕ ನುಡಿಯುವ ಗೊರವಯ್ಯನನ್ನೂ ಜೇಜುರಿಯಲ್ಲಿ ಭಂಡಾರವೆರಚುವ ವಾಘ್ಯಾನನ್ನೂ ಒಟ್ಟಿಗೆ ನಿಲ್ಲಿಸಿದರೆ, ಗಡಿಗೆರೆಗಿಂತ ಹಳೆಯ ನಂಟೊಂದು ಕಾಣುತ್ತದೆ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು. ದಂಡು ಕರಗಿತು, ಶಿಲೇದಾರ ರೈತನಾದ; ತಟ್ಟುವಿಗೆ ಬೆಲೆ ಕೊಡುವವರಿಲ್ಲದಾಯಿತು. ಕಂಪನಿ ಸರ್ಕಾರವು ಶಿರೂರು ತಾಲ್ಲೂಕಿನ ಆಲೆಗಾಂವಿನಲ್ಲಿ ತನ್ನದೇ ಅಶ್ವಕೇಂದ್ರವನ್ನು ಕೆಲಕಾಲ ನಡೆಸಿ ಕೈಬಿಟ್ಟಿತು. ಆ ಊರನ್ನು ಇಂದಿಗೂ ಆಲೆಗಾಂವ್ ಪಾಗಾ ಎನ್ನುತ್ತಾರೆ. ಪಾಗಾ ಎಂದರೆ ಕುದುರೆ ಲಾಯ. ಉತ್ತರದಲ್ಲಿಯೂ ಇದೇ ಪಾಡು. 1808ರಲ್ಲಿ ಬಿಹಾರದ ಪೂಸಾದ ಅಶ್ವಕೇಂದ್ರದ ಹೊಣೆ ಹೊತ್ತ ವಿಲಿಯಂ ಮೂರ್‌ಕ್ರಾಫ್ಟ್, ಒಳ್ಳೆಯ ತಳಿಯನ್ನರಸಿ ಬುಖಾರದವರೆಗೂ ಹೋಗಿ, 1825ರಲ್ಲಿ ಮರಳುವ ದಾರಿಯಲ್ಲೇ ತೀರಿಕೊಂಡ. ಕೊನೆಗೆ ಬ್ರಿಟಿಷರೂ ಆಸ್ಟ್ರೇಲಿಯದಿಂದ 'ವೇಲರ್' ಕುದುರೆಗಳನ್ನು ಹಡಗಿನಲ್ಲಿ ತರಿಸಿದರು. ಹಿತ್ತಿಲ ತಟ್ಟುವನ್ನು ಕಡೆಗಣಿಸಿದ ಆಡಳಿತ ವಿಜಯನಗರದ ಹಾದಿಯನ್ನೇ ಹಿಡಿಯಿತು. ಆ ತಟ್ಟುವನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದವರು ಕುರಿಹಿಂಡಿನೊಂದಿಗೆ ಅಲೆಯುವ ಧನಗರರು. ಅವರ ಗಂಟುಮೂಟೆಗಳನ್ನು ಹೊತ್ತು ನಡೆಯುವ ಆ ಕುದುರೆಯನ್ನು ಇತ್ತೀಚೆಗಷ್ಟೇ ಕೇಂದ್ರದ ಪಶು ತಳಿ ಸಂಸ್ಥೆಯು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ.

ಇನ್ನು ಕುಣಿಗಲ್. ಆ ಹೆಸರು ಕೇಳಿದೊಡನೆ ಕನ್ನಡಿಗರ ಕಿವಿಯಲ್ಲಿ ಕೆರೆಯ ಜನಪದ ಹಾಡು ಮೊಳಗುತ್ತದೆ. ಕುದುರೆ ಬಲ್ಲವರಿಗೆ ನೆನಪಾಗುವುದು 400 ಎಕರೆಗೂ ಮಿಗಿಲಾದ ಅಶ್ವಕೇಂದ್ರ. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಆರಂಭವಾಯಿತೆಂಬುದು ರೂಢಿಯ ಮಾತು. ಆ ಜಾಗದ ಗುಣವನ್ನು ಊಹಿಸುವುದು ಕಷ್ಟವಲ್ಲ: ಬೇಸಗೆಯಲ್ಲಿಯೂ ಅತಿಯಾಗದ ಬಿಸಿಲು, ನೀರು ನಿಲ್ಲದ ಕೆಂಪು ನೆಲ, ಕೈಯಳತೆಯಲ್ಲಿ ಕೆರೆ, ಸುತ್ತಲೂ ರಾಗಿ ಮತ್ತು ಹುರುಳಿಯ ಹೊಲಗಳು. ಹುರುಳಿಯು ಕುದುರೆಯ ಬಲವೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಇಂಗ್ಲಿಷರು ಆ ಕಾಳಿಗೆ ಕುದುರೆಯ ಹೆಸರನ್ನೇ ಇಟ್ಟರು. ಮೈಸೂರಿನ ಅಶ್ವದಳದ ಪರಂಪರೆಯ ಕೀರ್ತಿ ದೂರ ಹಬ್ಬಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರುಗಳು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಯೋಧನದು. ದೆಹಲಿಯಲ್ಲಿರುವ ಓದುಗರು ಮುಂದಿನ ಬಾರಿ ಆ ವೃತ್ತವನ್ನು ದಾಟುವಾಗ ಒಂದು ಕ್ಷಣ ನಿಂತು ನೋಡಲಿ.

ಆದರೆ ಹಳೆಯ ಹೆಸರು ನೆಲವನ್ನು ಕಾಯುವುದಿಲ್ಲ. 1992ರಲ್ಲಿ ಸರ್ಕಾರವು ಕುಣಿಗಲ್ ಕೇಂದ್ರವನ್ನು ಖಾಸಗಿಯವರಿಗೆ 30 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಅವಧಿ ಮುಗಿದ ಮೇಲೆ ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಬಂದು ವಿವಾದವೆದ್ದಿತು. ಬೆಂಗಳೂರು ಹತ್ತಿರವಾದಷ್ಟೂ ಹುಲ್ಲುಗಾವಲು ನಿವೇಶನವಾಗಿ ಕಾಣತೊಡಗುತ್ತದೆ. ಪುಣೆಯ ಕಥೆ ಬೇರೆಯಲ್ಲ. ಇಲ್ಲಿಯ ರೇಸ್‌ಕೋರ್ಸ್ 1830ರದು. 1946ರಲ್ಲಿ ಪೂನಾವಾಲಾ ಕುಟುಂಬ ಸ್ಥಾಪಿಸಿದ ಅಶ್ವಕೇಂದ್ರದ ಕುದುರೆಗಳು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಸೀರಂ ತಯಾರಿಕೆಗೆ ಹೋಗುತ್ತಿದ್ದವು. ಆ ನಂಟಿನಿಂದಲೇ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿತು. ಕುದುರೆಯಿಂದ ಲಸಿಕೆಯವರೆಗೆ ಬೆಳೆದದ್ದು ದೊಡ್ಡ ಬಂಡವಾಳ. ಅದರ ಪಕ್ಕದಲ್ಲಿ ಪಿಂಚಣಿದಾರನ ನಾಲ್ಕು ಎಕರೆಗೆ ಎಕರೆಯ ಬೆಲೆಯೇ ಶತ್ರು.

ಬೆಲೆಗಿಂತ ಮೊದಲು ಕಾನೂನು. ಮಹಾರಾಷ್ಟ್ರದಲ್ಲಿ 1948ರ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆಯ 63ನೆಯ ಕಲಮಿನಂತೆ, ರೈತನಲ್ಲದವನು ಸರ್ಕಾರದ ಅನುಮತಿಯಿಲ್ಲದೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಇಂಥದೇ ತಡೆ ಒಡ್ಡಿದ್ದವು. 2020ರಲ್ಲಿ ಅವನ್ನು ತೆಗೆದುಹಾಕಲಾಯಿತು. ನಮ್ಮ ಮಿತ್ರರ ತಂದೆಗೆ ಎರಡು ಎಕರೆ ಹೊಲವಿತ್ತು. ಮಗನ ಕಾಲೇಜು ಓದಿಗೆ ಅದನ್ನು ಮಾರಿದರು. ಆ ಪಹಣಿಯಲ್ಲಿ ಹೆಸರು ಉಳಿದಿದ್ದರೆ ಅವರು ಇಂದು ದೌಂಡಿನಲ್ಲಿಯೂ ರೈತರೆಂದು ಹೇಳಿಕೊಳ್ಳಬಹುದಿತ್ತು. ಓದಿಸಿ ಊರು ಬಿಡಿಸಿದ ಹೊಲವೇ ಈಗ ನೆಲ ಕೊಳ್ಳಲು ಅಡ್ಡಿಯಾಗಿದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದಲ್ಲ! ಇನ್ನು 2020ರ ತಿದ್ದುಪಡಿಯನ್ನು ರೈತ ಸಂಘಟನೆಗಳು ಏಕೆ ವಿರೋಧಿಸಿದವೆಂಬುದನ್ನೂ ಮರೆಯಬಾರದು. ನಮ್ಮಂಥವರ ನಗರದ ಹಣ ಹಳ್ಳಿಯ ನೆಲದ ಬೆಲೆಯನ್ನು ರೈತನ ಮಗನಿಗೆ ಎಟುಕದಂತೆ ಏರಿಸುತ್ತದೆಂಬ ಅವರ ಆತಂಕ ಸುಳ್ಳಲ್ಲ.

ಇಷ್ಟನ್ನು ಮುಂದಿಟ್ಟುಕೊಂಡು ನಾವು ಮಿತ್ರರಿಗೆ ಹೇಳಿದ್ದು ಕೆಲವೇ ಮಾತು. ಜಮೀನಿನ ನಕ್ಷೆಗಿಂತ ಮೊದಲು ಗಂಟೆಯೊಳಗೆ ಬರಬಲ್ಲ ಪಶುವೈದ್ಯರನ್ನೂ ಲಾಳ ಹೊಡೆಯುವವರನ್ನೂ ಹುಡುಕಬೇಕು. 2006ರಲ್ಲಿ ಮಹಾರಾಷ್ಟ್ರದ ಕುದುರೆಗಳಲ್ಲಿ ಗ್ಲಾಂಡರ್ಸ್ ರೋಗ ಕಾಣಿಸಿಕೊಂಡದ್ದನ್ನು ನೆನಪಿಡಬೇಕು. ನೀರು ನಿಲ್ಲದ ನೆಲವನ್ನೇ ನೋಡಬೇಕು. ಅದನ್ನು ಮಳೆಗಾಲದಲ್ಲಿ ಒಮ್ಮೆ, ಏಪ್ರಿಲ್ಲಿನಲ್ಲಿ ಒಮ್ಮೆ ಹೋಗಿ ನೋಡಬೇಕು. ಮೇವನ್ನು ಹೊರಗಿನಿಂದ ಕೊಳ್ಳುವ ಲಾಯ ಹೊರ್ಮುಜಿನ ಹಡಗನ್ನು ಕಾದಂತೆ. ಹುರುಳಿ ಬೆಳೆಯುವ ನೆರೆಯವರು ಇರಬೇಕು. ರೇಸಿನ ತಳಿಗೆ ಆಸೆಪಡದೆ ಎರಡು ತಟ್ಟುಗಳಿಂದ ಆರಂಭಿಸಬೇಕು. ಕೊಳ್ಳುವ ಮುನ್ನ ಒಂದು ವರ್ಷ ಬಾಡಿಗೆಗಿದ್ದು ನೋಡಬೇಕು. ಸೇವೆಯಲ್ಲಿರುವಾಗಲೇ ಕೊಂಡರೆ ಕಚೇರಿಗೆ ತಿಳಿಸಬೇಕೆಂಬುದನ್ನು ಸರ್ಕಾರಿ ನೌಕರರಾದ ಅವರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಎಲ್ಲವನ್ನೂ ಕೇಳಿಕೊಂಡ ಅವರು ಕುಣಿಗಲ್ಲಿನ ಕಡೆಗೇ ವಾಲಿದ್ದಾರೆ. ಆದರೆ ಪೇಟೆಗೆ ಹತ್ತಿರದ ಜಾಗ ಬಿಟ್ಟು, ಹೆದ್ದಾರಿಯಿಂದ ಒಳಗೆ, ಕೆರೆಯ ಕೆಳಗಲ್ಲದೆ ಮೇಲಿನ ದಿಣ್ಣೆಯ ಹೊಲವೊಂದನ್ನು ಗುತ್ತಿಗೆಗೆ ವಿಚಾರಿಸುತ್ತಿದ್ದಾರೆ. ತಟ್ಟುಗಳನ್ನು ಮಾತ್ರ ಭೀಮಾ ತೀರದ ಧನಗರರಿಂದಲೇ ಕೊಳ್ಳುವುದಾಗಿ ನಿಶ್ಚಯಿಸಿದ್ದಾರೆ. ಅವರ ಶ್ರೀಮತಿಯವರು ಹಾಕಿರುವ ಷರತ್ತು ಒಂದೇ: ಲಾಯಕ್ಕಿಂತ ಮೊದಲು ಅಡುಗೆಮನೆಯ ಮಾಡು ಏಳಬೇಕು. ಮುಂದಿನ ಏಪ್ರಿಲ್ಲಿನಲ್ಲಿ ಇಬ್ಬರೂ ನೆಲ ನೋಡಲು ಹೋಗಲಿದ್ದಾರೆ. ಜೊತೆಗೆ ಬರಲು ನಮ್ಮನ್ನೂ ಕರೆದಿದ್ದಾರೆ; ರಜೆಯ ಅರ್ಜಿ ಬರೆದಿದ್ದೇವೆ.