ಟವರ್ ಹತ್ತುವವರ ಲೆಕ್ಕ

ಪದ ಹಾಡೋನಿಗೆ ಈ ಲೆಕ್ಕ ಯಾಕೆ ಅಂದೀರಿ. ಹೇಳ್ತೀನಿ.

ಎರಡನೇ ಮಹಾಯುದ್ಧದಲ್ಲಿ ರಾಡಾರ್ ಬಳಕೆ ಹೆಚ್ಚಿತು. ಅದರ ಮೈಕ್ರೋವೇವ್ ಅಲೆ ಕಣ್ಣಿಗೆ ಕಾಣಲ್ಲ, ಜೋರಾಗಿದ್ದರೆ ಮೈ ಬಿಸಿ ಮಾಡುತ್ತೆ. ಹರಿಯೋ ರಕ್ತ ಆ ಕಾವನ್ನ ಹೊತ್ಕೊಂಡು ಹೋಗುತ್ತೆ. ಕಣ್ಣಿನ ಮಸೂರಕ್ಕೆ ರಕ್ತನಾಳವೇ ಇಲ್ಲ, ಅದಕ್ಕೇ ಪೊರೆ ಬರುವ ಭಯ.

1953ರಲ್ಲಿ ಅಮೆರಿಕದ ಹರ್ಮನ್ ಶ್ವಾನ್ ಒಂದು ಮಿತಿ ಸೂಚಿಸಿದರು: ಚದರ ಸೆಂಟಿಮೀಟರಿಗೆ 10 ಮಿಲಿವ್ಯಾಟ್. 1966ರಲ್ಲಿ ಅದೇ ಅಲ್ಲಿಯ ಮಾನಕವಾಯ್ತು. ರಷ್ಯದವರು ದಿನವಿಡೀ ದುಡಿಯುವವನಿಗೆ ಇಟ್ಟದ್ದು ಅದರ ಸಾವಿರದಲ್ಲೊಂದು ಪಾಲು. ಅಮೆರಿಕದವರು ಕಾವು ಅಳೆದರು, ರಷ್ಯದವರು ಕೆಲಸಗಾರನ ತಲೆನೋವು, ಸುಸ್ತನ್ನೂ ಲೆಕ್ಕಕ್ಕೆ ಹಿಡಿದರು. ದುಡಿಯುವವನ ಮಾತು ಕೇಳಿದ್ದು ನನಗೆ ಸರಿ ಕಾಣುತ್ತೆ.

ನಮ್ಮ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಟವರಿನ ಮಿತಿಯನ್ನ ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲೊಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ಆಯ್ತು. ಅದು ಕೆಳಗೆ ರಾಗಿ ಕೊಯ್ಯುವ ನಮಗೆ. ಕೆಲಸಗಾರನಿಗೆ ಮಾತ್ರ ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಜನಸಾಮಾನ್ಯರ ಐದರಷ್ಟು ಬಿಟ್ಟಿದ್ದಾರೆ. ಅವನಿಗೆ ಅಪಾಯ ತಿಳಿದಿರುತ್ತೆ, ತರಬೇತಿ ಇರುತ್ತೆ ಅನ್ನೋದು ಕಾರಣ.

ಹೊಸೂರು, ತಳಿ, ಕೆಲಮಂಗಲ, ಎಲ್ಲಿ ನೋಡಿದರೂ ಟವರ್. ನಮ್ಮೂರ ಹುಡುಗರು ದಿನಗೂಲಿಗೆ ಹತ್ತುತ್ತಾರೆ. "ನೀನು ಆಂಟೆನಾ ಮುಂದೆ ಇರೋವಾಗ ಆಫ್ ಮಾಡ್ತಾರೇನಪ್ಪ?" ಅಂತ ಒಬ್ಬನನ್ನ ಕೇಳಿದೆ.

"ಸೊಂಟಕ್ಕೆ ಬೆಲ್ಟ್ ಕೊಟ್ಟವ್ರೆ ಮಾಮ. ಅದನ್ನೆಲ್ಲ ಯಾರು ಹೇಳ್ತಾರೆ?"

ಬೀಳೋ ಭಯ ಅವನಿಗೆ ಗೊತ್ತು, ಅಲೆ ಗೊತ್ತಿಲ್ಲ. ಹಂಗಾದ್ರೆ ಆ ಐದರಷ್ಟು ಯಾವ ಲೆಕ್ಕ? ವಾಚನಾಲಯದ ಗೋಡೆಗೆ ಕನ್ನಡ, ತಮಿಳು ಎರಡರಲ್ಲೂ ಬರೆಸಿದ್ದೀವಿ: ಆಂಟೆನಾ ಆಫ್ ಆಗದೆ ಅದರ ಎದುರು ನಿಲ್ಲಬೇಡ.